ಒಣನೆಲದ ಮೇಲೆ ತೆಪ್ಪ

ನಾಯಿಗೂ ಮೊಣಕಾಲು ಇರುತ್ತದೆ ಎಂಬುದು ನನಗೆ ಗೊತ್ತಾದದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಾಯಿಗೆ ಮುಂಗಾಲು, ಹಿಂಗಾಲು, ಬಾಲ, ಇಷ್ಟೇ ಅಂದುಕೊಂಡಿದ್ದವನು ನಾನು. ಹಿಂಗಾಲಿನ ಮೊಣಕಾಲೊಳಗೆ ಹುರಿಯಂಥ ಒಂದು ನರ ಇದೆಯಂತೆ. ಅದು ಹರಿದರೆ ಎಲುಬು ಒಂದೂ ಮುರಿಯದೆ ಕಾಲು ಕೆಲಸಕ್ಕೆ ಬಾರದಂತಾಗುತ್ತದಂತೆ. ನಿಮ್ಮ ನಾಯಿಗೂ ಹೀಗಾಗಿ, ಎತ್ತಿಕೊಂಡು ಎಲ್ಲಿಗೆ ಓಡಬೇಕೋ ತಿಳಿಯದೆ, ಕೇಳಿದವರೆಲ್ಲ ನಕ್ಕು, ನೀವೊಬ್ಬರೇ ಕೂತಿದ್ದರೆ ಇದನ್ನು ಓದಿ. ನಗದೆ ಇರುವವನು ಒಬ್ಬನಾದರೂ ಹಂಪಿಯಲ್ಲಿ ಇದ್ದಾನೆ ಎಂದು ತಿಳಿದಿರಲಿ.

ನನ್ನ ಹೆಸರು ಹುಲುಗಪ್ಪ. ಹೊಳೆಯಲ್ಲಿ ತೆಪ್ಪ ಹಾಕುವುದು ನನ್ನ ಕೆಲಸ. ಪುಸ್ತಕದಲ್ಲಿ ಹರಿಗೋಲು ಎನ್ನುತ್ತಾರಲ್ಲ, ಬಿದಿರು ಹೆಣೆದು ತಳಕ್ಕೆ ಡಾಂಬರು ಬಳಿದ ದುಂಡನೆಯ ದೋಣಿ, ಅದನ್ನೇ ನಾವು ತೆಪ್ಪ ಅನ್ನುವುದು. ಪ್ರವಾಸಿಗರನ್ನು ಕೂರಿಸಿಕೊಂಡು ಬಂಡೆಗಳ ನಡುವೆ ಒಂದು ಸುತ್ತು ತೋರಿಸಿ ತರುತ್ತೇನೆ. ಪಿಯುಸಿ ಪಾಸಾಗಿದ್ದೇನೆ. ಹಿಂದಿ, ತೆಲುಗು, ಇಂಗ್ಲಿಷು ಹೊಟ್ಟೆಪಾಡಿಗೆ ಬೇಕಾದಷ್ಟು ಬರುತ್ತವೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರು ಕೇಳುವುದನ್ನೇ ಬಿಟ್ಟು ಬಹಳ ವರ್ಷವಾಯಿತು, ಅದೊಂದು ನೆಮ್ಮದಿ. ತಂಗಿ ರೇಣುಕಾ ಸಂಡೂರಿನಲ್ಲಿದ್ದಾಳೆ, ಅವಳ ಗಂಡ ಅದಿರಿನ ಲಾರಿ ಓಡಿಸುತ್ತಾನೆ. ಮನೆಯಲ್ಲಿ ನಾನು, ಕೆಂಚಿ ಇಬ್ಬರೇ.

ಕೆಂಚಿ ಜಾತಿನಾಯಿ ಏನಲ್ಲ. ನಮ್ಮ ಕಡೆಯ ಸಾದಾ ಬೀದಿನಾಯಿ, ಕೆಂಪು ಮೈ, ಎದೆಯ ಮೇಲೆ ಒಂದಿಷ್ಟು ಬಿಳಿ. ಏಳು ವರ್ಷದ ಹಿಂದೆ ಮರಿಯಾಗಿದ್ದಾಗ ತಾನೇ ಬಂದು ತೆಪ್ಪ ಹತ್ತಿದಳು, ಇಳಿಸಿದರೆ ಮತ್ತೆ ಹತ್ತಿದಳು. ಅಂದಿನಿಂದ ಅವಳಿಲ್ಲದೆ ನನ್ನ ತೆಪ್ಪ ದಡ ಬಿಟ್ಟದ್ದು ಕಡಿಮೆ. ಅವಳ ಜಾಗ ಮುಂದಿನ ಅಂಚು. ನನಗೆ ಬೆನ್ನು ಮಾಡಿ, ಆಚೆ ದಡ ನೋಡುತ್ತ ನಿಲ್ಲುವುದು, ಕೂರುವ ಮಾತೇ ಇಲ್ಲ. ಗಿರಾಕಿ ಇಲ್ಲದಾಗ ನಾನು ಅವಳ ಬೆನ್ನಿನ ಜೊತೆ ಮಾತಾಡುತ್ತೇನೆ. ಹೊಟ್ಟೆಯಲ್ಲಿದ್ದದ್ದೆಲ್ಲ ಆ ಬೆನ್ನಿಗೆ ಹೇಳಿದ್ದೇನೆ. ಎದುರಿಗೆ ಮುಖ ಇದ್ದರೆ ನನಗೆ ಮಾತು ಬರುವುದಿಲ್ಲ, ಹುಟ್ಟುಗುಣ.

ತೆಪ್ಪದವರ ಕಸುಬಿನಲ್ಲಿ ಒಂದು ಆಟ ಇದೆ. ನಡುಹೊಳೆಯಲ್ಲಿ ಹುಟ್ಟನ್ನು ಒಂದೇ ಬದಿಗೆ ಎಳೆದೆಳೆದು ತೆಪ್ಪವನ್ನು ಗರಗರ ತಿರುಗಿಸುವುದು. ಪ್ರವಾಸಿಗರು ಕಿರುಚುತ್ತಾರೆ, ನಗುತ್ತಾರೆ, ಇನ್ನೊಮ್ಮೆ ಅನ್ನುತ್ತಾರೆ. ನನ್ನಷ್ಟು ಜೋರಾಗಿ ತಿರುಗಿಸುವವರು ನಮ್ಮ ದಡದಲ್ಲಿ ಯಾರೂ ಇರಲಿಲ್ಲ, ಅದು ನನ್ನ ಜಂಭ. ಆಗ ಕೆಂಚಿ ನಾಲ್ಕೂ ಕಾಲು ಅಗಲಿಸಿ, ಹಿಂಗಾಲು ಬಗ್ಗಿಸಿ, ಮೈಯೆಲ್ಲ ಬಿಗಿಮಾಡಿ ನಿಲ್ಲುತ್ತಿದ್ದಳು. ಅಲ್ಲಾಡುತ್ತಿರಲಿಲ್ಲ. ಗಂಡಸರು ಅಂಚು ಹಿಡಿದು ದೇವರನ್ನು ಕರೆಯುವಾಗ ನಾಯಿ ನಿಂತಿರುವುದನ್ನು ಜನ ವಿಡಿಯೊ ಮಾಡಿಕೊಳ್ಳುತ್ತಿದ್ದರು. "ಯುವರ್ ಡಾಗ್ ಈಸ್ ಹೀರೋ" ಎಂದರೆ ನಾನು ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ.

ಚಳಿಗಾಲದ ಒಂದು ಬೆಳಿಗ್ಗೆ, ಹೈದರಾಬಾದಿನ ಒಂದು ಕುಟುಂಬ. ಮೂರು ಸಲ ತಿರುಗಿಸಿದ ಮೇಲೂ ಮಗಳು "ಇಂಕೊಕ್ಕಸಾರಿ ಅಂಕುಲ್", ಇನ್ನೊಂದೇ ಸಲ ಅಂದಳು. ತಿರುಗಿಸಿದೆ. ದಡಕ್ಕೆ ಬರುವಾಗ ಕೆಂಚಿ ಎಂದಿನಂತೆ ತೆಪ್ಪ ನಿಲ್ಲುವ ಮೊದಲೇ ಬಂಡೆಗೆ ಹಾರಿದಳು. ಒಂದೇ ಒಂದು ಸಲ ಕುಂಯ್ ಅಂದಳು. ಎದ್ದು ನಿಂತಾಗ ಬಲಗಡೆಯ ಹಿಂಗಾಲನ್ನು ನೆಲಕ್ಕೆ ಊರಲಿಲ್ಲ, ಬೆರಳ ತುದಿ ಮಾತ್ರ ತಾಗಿಸಿದಳು. ಅಷ್ಟೇ ಆದದ್ದು. ರಕ್ತ ಇಲ್ಲ, ಬಾವು ಇಲ್ಲ.

ಉಳುಕಿರಬೇಕು ಅಂದುಕೊಂಡೆ. ಉಪ್ಪಿನ ಶಾಖ ಕೊಟ್ಟೆ. ಪಕ್ಕದ ಮನೆಯ ಸುಂಕಮ್ಮ, ಪ್ರವಾಸಿಗರಿಗೆ ಕುದಿಸಿದ ಶೇಂಗಾ ಮಾರುವವಳು, ಹುಣಸೆ ಎಲೆ ಬೇಯಿಸಿ ಕಟ್ಟಿದಳು. ಎರಡು ದಿನ ಕಡಿಮೆಯಾದಂತೆ ಕಾಣುತ್ತಿತ್ತು, ಮೂರನೆಯ ದಿನ ಮತ್ತೆ ಅದೇ. ಕೂರುವಾಗ ಆ ಕಾಲನ್ನು ಮಡಚದೆ ಪಕ್ಕಕ್ಕೆ ಚಾಚಿ ಕೂರುತ್ತಿದ್ದಳು, ಅದು ತನ್ನದಲ್ಲ ಎಂಬ ಹಾಗೆ. ಹೀಗೆ ಮೂರು ವಾರ ಕಳೆದೆ. ಆ ಮೂರು ವಾರದ ಬಗ್ಗೆ ಈಗಲೂ ನನಗೆ ನನ್ನ ಮೇಲೆ ಸಿಟ್ಟಿದೆ.

ಕಂಪ್ಲಿಯ ಹತ್ತಿರದ ಹಳ್ಳಿಯಲ್ಲಿ ಎಲುಬು ಕಟ್ಟುವ ಅಜ್ಜ ಒಬ್ಬನಿದ್ದಾನೆ ಎಂದರು. ದನ, ಕುರಿ, ಮನುಷ್ಯ, ಎಲ್ಲಕ್ಕೂ ಬಿದಿರು ದಬ್ಬೆ ಇಟ್ಟು ಕಟ್ಟುತ್ತಾನಂತೆ. ಕೆಂಚಿಯನ್ನು ಆಟೊದಲ್ಲಿ ಹಾಕಿಕೊಂಡು ಹೋದೆ. ಅಜ್ಜ ಕಣ್ಣು ಮುಚ್ಚಿಕೊಂಡು ಕಾಲನ್ನು ಮೇಲಿಂದ ಕೆಳಗೆ ಸವರಿದ. ಬಹಳ ಹೊತ್ತು ಸವರಿದ. ಕಟ್ಟಲು ದಬ್ಬೆ ತೆಗೆಯುತ್ತಾನೆ ಎಂದು ನಾನು ಕಾದೆ.

"ಎಲುಬು ಸರಿ ಐತಪ್ಪ. ಇದು ಎಲುಬಿಂದಲ್ಲ, ಒಳಗಿಂದು. ನಾ ಕಟ್ಟಿದ್ರ ಕಾಲು ಒಣಗತೈತಿ. ಡಾಕ್ಟರ್ ಕಡಿ ಹೋಗು, ಇವತ್ತ ಹೋಗು" ಅಂದ.

ಕೊಟ್ಟ ದುಡ್ಡನ್ನು ಮುಟ್ಟಲಿಲ್ಲ. ಕೆಂಚಿಗೆ ಒಂದು ರೊಟ್ಟಿ ಹಾಕಿಸಿದ. ತನ್ನ ಕೈಯಲ್ಲಿ ಆಗುವುದಿಲ್ಲ ಎಂದು ಅಷ್ಟು ಸಲೀಸಾಗಿ ಹೇಳುವ ಮನುಷ್ಯನನ್ನು ನಾನು ಮೊದಲು ನೋಡಿರಲಿಲ್ಲ. ಅವನು ಅಂದು ಸುಮ್ಮನೆ ದಬ್ಬೆ ಕಟ್ಟಿ ಕಳಿಸಿದ್ದರೆ ನಾನು ಇನ್ನೂ ಒಂದು ತಿಂಗಳು ಕೂತಿರುತ್ತಿದ್ದೆ.

ಹೊಸಪೇಟೆಯ ಪಶುವೈದ್ಯರ ಬಳಿ ಕಾಯುವ ಜಾಗ ಎಂದರೆ ಒಂದು ಬೇವಿನ ಮರ. ಎಮ್ಮೆ, ಹೋರಿ, ಹೊಟ್ಟೆ ಉಬ್ಬಿದ ಆಡು, ಅವುಗಳ ಹಗ್ಗ ಹಿಡಿದವರು. ನಾಯಿ ತಂದವನು ನಾನೊಬ್ಬನೇ.

"ಏನಾಗೈತಣ್ಣ ನಾಯಿಗೆ?" ಎಂದ ಹೋರಿಯವನು.

"ಕಾಲು."

"ಕಾಲಿಗ್ಯಾಕ ಇಷ್ಟು ದೂರ ತಂದ್ರಿ? ನಾಯಿಗೆ ನಾಕ್ ಕಾಲು ಇರ್ತಾವಲ್ರಿ, ಒಂದು ಹೋದ್ರ ಏನಾತು!"

ಮರದ ಕೆಳಗಿದ್ದವರೆಲ್ಲ ನಕ್ಕರು. ಕೆಟ್ಟ ಜನ ಏನಲ್ಲ, ಹೊತ್ತು ಹೋಗದವರು. ಆದರೂ ನನಗೆ ಕಪಾಳಕ್ಕೆ ಬಾರಿಸಿದಂತಾಯಿತು. ಆಡಿನ ಮುದುಕಿ ಮಾತ್ರ ನಗಲಿಲ್ಲ. ಸ್ವಲ್ಪ ಸರಿದು ಜಾಗ ಕೊಟ್ಟು, "ಕುಂದ್ರಪ್ಪ, ನೆಳ್ಳು ಐತಿ ಇಲ್ಲಿ" ಅಂದಳು. ಮಾತಾಡಿದ್ದು ಅಷ್ಟೇ. ಅವಳ ಆಡು ಕೆಂಚಿಯ ಕಿವಿ ಮೂಸುತ್ತಿತ್ತು. ನಾವು ನಾಲ್ವರೂ ಆ ನೆರಳಿನಲ್ಲಿ ಮಧ್ಯಾಹ್ನದವರೆಗೆ ಕೂತೆವು.

ವೈದ್ಯರು ಕಾಲು ಮುಟ್ಟಿದ ಕೂಡಲೇ "ಲಿಗಮೆಂಟು" ಎಂದರು, ಅದೇ ಮೊಣಕಾಲೊಳಗಿನ ಹುರಿಯಂಥ ನರ. ಇದು ಮೊಣಕಾಲಿನ ಆಪರೇಷನ್ ಮಾಡಿ ರೂಢಿ ಇರುವವರ ಕೆಲಸ ಎಂದು ಬಳ್ಳಾರಿಯ ಒಬ್ಬ ಡಾಕ್ಟರಮ್ಮನ ವಿಳಾಸ ಬರೆದುಕೊಟ್ಟರು.

ರೇಣುಕಾಗೆ ಫೋನು ಮಾಡಿದೆ. ಅವಳು ನಗಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದಳು.

"ನಾಯಿಗೆ ಬಳ್ಳಾರಿಗೆ ಹೊಂಟೀಯಣ್ಣ. ನಾನು ಸೊಂಟ ನೋವು ಅಂತ ಒಂದ್ ವರ್ಷದಿಂದ ಬಡಕೊಳ್ಳಾಕತ್ತೀನಿ, ಸಂಡೂರಿಗೆ ಒಂದಿನ ಬಂದು ನೋಡಿದಿ?"

ನೋಡಿರಲಿಲ್ಲ. "ಬರ್ತೀನಿ ತಂಗಿ" ಎಂದು ಫೋನಿಟ್ಟೆ. ಒಂಟಿ ಒಂಟಿ ಎಂದು ಗೋಳಾಡುವವರು ಆ ಒಂಟಿತನದ ಗೋಡೆಗೆ ತಾವೂ ಒಂದಿಷ್ಟು ಕಲ್ಲುಮಣ್ಣು ಹೊತ್ತಿರುತ್ತಾರೆ. ಇದು ನನಗೆ ಅಂದೇ ಹೊಳೆದದ್ದು.

ಬಳ್ಳಾರಿ ಮಾರುಕಟ್ಟೆಗೆ ಹೋಗುವ ಬಾಳೆಗೊನೆಯ ಟೆಂಪೊದಲ್ಲಿ ಜಾಗ ಸಿಕ್ಕಿತು. ಡ್ರೈವರ್ ಕೇಳದೆಯೇ ಎರಡು ಗೊನೆ ಸರಿಸಿ ಎಲೆ ಹಾಸಿಕೊಟ್ಟ. ಕೆಂಚಿ ಎಲೆಯ ಮೇಲೆ, ನನ್ನ ತೊಡೆಗೆ ತಲೆ ಇಟ್ಟು ಬಂದಳು.

ಡಾಕ್ಟರಮ್ಮ ಸಣ್ಣ ಆಳು, ಗಟ್ಟಿ ಕೈ. ಕೆಂಚಿಗೆ ಮಂಪರಿನ ಸೂಜಿ ಹಾಕಿ, ಒಂದು ಕೈಯಲ್ಲಿ ತೊಡೆ ಎಲುಬು, ಇನ್ನೊಂದರಲ್ಲಿ ಕಣಕಾಲಿನ ಎಲುಬು ಹಿಡಿದು ಮುಂದಕ್ಕೆಳೆದರು. ಕೆಳಗಿನ ಎಲುಬು ಮೇಜಿನ ಖಾನೆಯ ಹಾಗೆ ಮುಂದೆ ಜಾರಿ ಬಂತು. ಇನ್ನೊಂದು ಕಾಲನ್ನೂ ಹಾಗೆಯೇ ಎಳೆದು ತೋರಿಸಿದರು, ಅದು ಜಗ್ಗಲಿಲ್ಲ.

"ಪೂರ್ತಿ ಹರಿದೈತ್ರಿ. ಆಪರೇಷನ್ ಬೇಕು."

"ಅವತ್ತು ಹಾರಿದಾಗ ಹರೀತೇನ್ರಿ?"

"ಅವತ್ತು ಕಡೀ ಎಳಿ ಹರಿದಿರಬೇಕು. ಇದು ಒಂದಿನದಾಗ ಆಗೋದಲ್ರಿ. ಹಗ್ಗ ತಿಕ್ಕಿ ತಿಕ್ಕಿ ಸವೀತದಲ್ಲ, ಹಂಗ. ಎಷ್ಟೋ ದಿನದಿಂದ ಸವೆದಿರತೈತಿ."

ನಾನು ತೆಪ್ಪದ ಆಟ ಹೇಳಿದೆ. ತಿರುಗುವಾಗ ಅವಳು ಹಿಂಗಾಲು ಬಗ್ಗಿಸಿ ಬಿಗಿಹಿಡಿದು ನಿಲ್ಲುವುದನ್ನು ನಾನೇ ಅವರ ಮುಂದೆ ನಿಂತು ತೋರಿಸಿದೆ. ಏಳು ವರ್ಷ, ದಿನಕ್ಕೆ ಎಷ್ಟೋ ಸಲ.

"ಅದರಿಂದಾನೇನ್ರಿ ಮೇಡಂ?"

"ಅದೊಂದರಿಂದಾನ ಅಂತ ಹೇಳಾಕ ಬರಲ್ರಿ. ವಯಸ್ಸು ಇರತೈತಿ, ಮೈಗುಣ ಇರತೈತಿ. ಏನೂ ಮಾಡದ ನಾಯಿಗೂ ಆಗತೈತಿ" ಅಂದರು. ಒಳ್ಳೆಯವರು. ಅಲ್ಲ ಎಂದು ಮಾತ್ರ ಹೇಳಲಿಲ್ಲ.

ಹರಿದ ನರವನ್ನು ಹೊಲಿಯಲು ಬರುವುದಿಲ್ಲವಂತೆ. ಅದರ ಬದಲಿಗೆ ದಪ್ಪ ನೈಲಾನ್ ದಾರವನ್ನು ಮೊಣಕಾಲಿನ ಹೊರಬದಿಯಲ್ಲಿ ಎಲುಬಿಗೆ ಸುತ್ತಿ ಬಿಗಿಯುತ್ತಾರಂತೆ. ದಾರ ತೋರಿಸಿದರು. ದೊಡ್ಡ ಮೀನಿಗೆ ಹಾಕುವ ಗಾಳದ ದಾರದಂತೆಯೇ ಇತ್ತು. ಬೆರಳಿನಲ್ಲಿ ಎಳೆದು ನೋಡಿದೆ.

"ಇದು ಎಷ್ಟು ವರ್ಷ ಬರತೈತ್ರಿ?"

"ಭಾಳ ದಿನ ಬರಂಗಿಲ್ರಿ, ಸಡಿಲಾಗತೈತಿ. ಅಷ್ಟರೊಳಗ ಅದರ ಮೈ ತಾನ ಸುತ್ತಲೂ ಗಟ್ಟಿ ಕಟ್ಟಿಕೋಬೇಕು. ಅದಕ್ಕ ಎರಡು ತಿಂಗಳು ಅಲ್ಲಾಡದಂಗ ಇಡಬೇಕು. ಹಾರಂಗಿಲ್ಲ, ಓಡಂಗಿಲ್ಲ. ಆಪರೇಷನ್ ನನ್ನ ಕೆಲಸ, ಉಳಿದಿದ್ದೆಲ್ಲ ನಿಮ್ಮ ಕೆಲಸ. ಮನ್ಯಾಗ ಇನ್ನ್ಯಾರದಾರ?"

"ನಾನೊಬ್ಬನ."

"ನಡೆಸುವಾಗ ಒಬ್ರು ಮುಂದ ಹಗ್ಗ ಹಿಡೀಬೇಕು, ಒಬ್ರು ಹೊಟ್ಟಿ ಕೆಳಗ ಟವೆಲ್ ಹಾಕಿ ಎತ್ತಬೇಕು."

"ಎರಡೂ ನಾನ ಹಿಡೀತೀನ್ರಿ."

ಒಪ್ಪಿಗೆ ಪತ್ರದಲ್ಲಿ ನನ್ನ ಹೆಸರು ಬರೆದೆ. ಕೆಳಗೆ ಇನ್ನೊಂದು ಗೆರೆ ಇತ್ತು, ತುರ್ತು ಬಂದರೆ ಬೇರೆ ಯಾರಿಗೆ ತಿಳಿಸಬೇಕು ಎಂದು. ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದೆ. ಕಡೆಗೆ ರೇಣುಕಾಳ ಹೆಸರು ಬರೆದೆ. ಅವಳನ್ನು ಕೇಳಿರಲಿಲ್ಲ.

ಕೆಂಚಿಯನ್ನು ಒಳಗೆ ಒಯ್ದರು. ಕಾಲು ಬೋಳಿಸಿದ್ದರು, ಬೆಳ್ಳಗೆ, ಕೋಳಿಯ ಕಾಲಿನ ಹಾಗೆ ತೆಳ್ಳಗೆ ಕಾಣುತ್ತಿತ್ತು. ಬಾಗಿಲು ಮುಚ್ಚಿತು. ಹೊರಗೆ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಹೊಳೆಯುವ ಕೂದಲಿನ ವಿದೇಶಿ ನಾಯಿಯ ಕ್ಯಾಲೆಂಡರು. ಎದುರಿಗೆ ಗಂಡ ಹೆಂಡತಿ, ಮಡಿಲಲ್ಲಿ ಬೆಕ್ಕು. ಒಬ್ಬರು ನೀರು ತರಲು ಎದ್ದರೆ ಇನ್ನೊಬ್ಬರು ಹಿಡಿದುಕೊಳ್ಳುತ್ತಿದ್ದರು. ನನಗೆ ಚಹಾ ಕುಡಿಯಬೇಕೆನಿಸಿತು, ಏಳಲಿಲ್ಲ. ನಾನು ಎದ್ದು ಹೋದಾಗಲೇ ಕರೆದುಬಿಟ್ಟರೆ? ಅವ್ವ ತೀರಿಕೊಂಡಾಗಲೂ ನಾನು ಆಸ್ಪತ್ರೆಯ ಹೊರಗೆ ಚಹಾ ಕುಡಿಯುತ್ತಿದ್ದೆ. ಆ ಕುರ್ಚಿಯಲ್ಲಿ ನಾನು ಅತ್ತೆ. ಬೆಕ್ಕಿನವರು ನೋಡಿದರು, ನೋಡದವರ ಹಾಗೆ ತಿರುಗಿ ಕೂತರು. ಅದೂ ಒಂದು ಉಪಕಾರವೇ.

ಚೆನ್ನಾಗಿ ಆಯಿತು ಎಂದರು. ಮರುದಿನ ಅದೇ ಟೆಂಪೊ, ಈ ಸಲ ಖಾಲಿ. ಹೊಲಿಗೆ ನೆಕ್ಕದಂತೆ ಕೊರಳಿಗೆ ಲಾಲಿಕೆಯಂಥ ದೊಡ್ಡ ಪಟ್ಟಿ ಹಾಕಿಸಿಕೊಂಡ ಕೆಂಚಿ ಬಾಡಿದ ಬಾಳೆ ಎಲೆಯ ಮೇಲೆ ಮಲಗಿ ಊರಿಗೆ ಬಂದಳು.

ಈಗ ನನ್ನ ತಪ್ಪಿನ ಕಥೆ. ನನ್ನ ಮನೆಯ ನೆಲ ನುಣುಪು ಕಡಪಾ ಕಲ್ಲು, ಕಾಲು ಜಾರುತ್ತದೆ. ಹೊಸ್ತಿಲು ಎತ್ತರ. ಕಟ್ಟಿಹಾಕಿದರೆ ಹಗ್ಗ ಜಗ್ಗುತ್ತಾಳೆ. ಎಲ್ಲಿಡುವುದು? ಅಂಗಳದ ಬೇವಿನ ಕೆಳಗೆ ನನ್ನ ಹಳೆಯ ತೆಪ್ಪ ಇತ್ತು. ಸುತ್ತಲೂ ಅವಳ ಎದೆಯೆತ್ತರದ ಅಂಚು, ಮೂರು ಕಾಲಲ್ಲಿ ಹಾರಲು ಆಗದು. ಒಳಗೆ ಗೋಣಿಚೀಲ ಹಾಸಿದರೆ ಜಾರುವುದಿಲ್ಲ. ಅವಳಿಗೆ ಪರಿಚಯದ ವಾಸನೆ. ಅಲ್ಲಾಡದಂತೆ ಸುತ್ತ ಕಲ್ಲು ಕೊಟ್ಟೆ. ಇದಕ್ಕಿಂತ ಒಳ್ಳೆಯ ಜಾಗ ಬಳ್ಳಾರಿಯಲ್ಲೂ ಸಿಗದು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪಕ್ಕದ ಓಣಿಯವರು ಬಂದು ನೋಡಿ, "ಹುಲುಗಣ್ಣ ಒಣನೆಲದಾಗ ತೆಪ್ಪ ಬಿಟ್ಟಾನ, ಗಿರಾಕಿ ಬಂದ್ರೇನು?" ಎಂದು ನಗೆಯಾಡಿ ಹೋದರು.

ಮೊದಲ ದಿನ ಮಂಪರು, ಮಲಗಿದ್ದಳು. ಎರಡನೆಯ ದಿನ ಎದ್ದು ನಿಂತಳು. ನಿಂತವಳು ಕೂರಲಿಲ್ಲ. ಮೂತ್ರಕ್ಕಿರಬೇಕು ಎಂದು ಒಯ್ದು ತಂದೆ, ಮತ್ತೆ ನಿಂತಳು. ನೋವಿರಬೇಕು ಎಂದು ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟೆ, ನಿಂತೇ ಇದ್ದಳು. ಮೈ ನಡುಗುತ್ತಿತ್ತು, ಹೊಲಿಗೆ ಹಾಕಿದ ಕಾಲನ್ನೂ ನೆಲಕ್ಕೆ ಒತ್ತಿ ನಿಂತಿದ್ದಳು. ನಾಲ್ಕನೆಯ ದಿನ ಮೊಣಕಾಲು ಊದಿತು.

ಶೇಂಗಾ ಬುಟ್ಟಿ ಇಳಿಸಿ ಸುಂಕಮ್ಮ ಅಂಚಿನಿಂದ ಇಣುಕಿದಳು. ಸ್ವಲ್ಪ ಹೊತ್ತು ನೋಡಿ, "ಅಯ್ಯ ಹುಲುಗಣ್ಣ, ಇದು ಹೊಳಿಯಾಗ ಅದೀನಿ ಅಂತ ತಿಳಕೊಂಡೈತಲ್ಲೋ! ನೀ ಈಗ ತಿರುಗಿಸ್ತಿ, ಆಗ ತಿರುಗಿಸ್ತಿ ಅಂತ ಗಟ್ಟ್ಯಾಗಿ ನಿಂತೈತಿ" ಅಂದಳು.

ಹೌದು. ಕಾಲು ಅಗಲಿಸಿ, ಹಿಂಗಾಲು ಬಗ್ಗಿಸಿ, ಮುಖ ಹೊಳೆಯ ಕಡೆ. ನಾನು ಅಂಚಿಗೆ ಕೈಯಿಟ್ಟರೆ ಸಾಕು, ಇನ್ನೂ ಬಿಗಿಯುತ್ತಿದ್ದಳು. ಏಳು ವರ್ಷ ಜೊತೆಗಿದ್ದವನು ನಾನು. ತೆಪ್ಪದಲ್ಲಿ ಅವಳು ಕೂರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು, ನನಗೇ ಹೊಳೆಯಲಿಲ್ಲ.

ಮತ್ತೆ ಬಳ್ಳಾರಿ. ಈ ಸಲ ಟೆಂಪೊ ಸಿಗಲಿಲ್ಲ, ಕಾರು ಮಾಡಿಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಆ ದಾರ ಒಂದೇ. ಡಾಕ್ಟರಮ್ಮ ಎಲುಬು ಹಿಡಿದು ಎಳೆಯುವಾಗ ನಾನು ಕಣ್ಣು ಮುಚ್ಚಿಕೊಂಡೆ.

"ಹಿಡಕೊಂಡೈತ್ರಿ" ಅಂದರು. "ಆದ್ರ ಇನ್ನೊಮ್ಮೆ ಹಿಂಗಾದ್ರ ನಾ ಹೇಳಾಕ ಬರಂಗಿಲ್ಲ. ಅದನ್ನ ಹೆಂಗರ ಮಾಡಿ ಮಲಗಿಸ್ರಿ. ಈ ಕಾಲು ಹೋದ್ರ ಭಾರ ಎಲ್ಲಾ ಇನ್ನೊಂದರ ಮ್ಯಾಲ ಬೀಳತೈತಿ. ಅದೂ ಹರಿಯೋದು ಹೆಚ್ಚು."

ಊರಿಗೆ ಬಂದು ಬೇರೆ ಜಾಗ ಹುಡುಕಿದೆ. ಮನೆಯೊಳಗೆ ಗೋಣಿ ಹಾಸಿದರೆ ಅದನ್ನೇ ಕಾಲಲ್ಲಿ ಕೆದರಿ ಜಾರಿದಳು. ಮಂಚದ ಕಾಲಿಗೆ ಕಟ್ಟಿದರೆ ಬಾಗಿಲಿನತ್ತ ಜಗ್ಗಿದಳು. ಬೇರೆ ದಾರಿ ಕಾಣದೆ ಮಧ್ಯಾಹ್ನ ಮತ್ತೆ ತೆಪ್ಪದೊಳಗೆ ಇಳಿಸಿದೆ. ನಿಂತಳು. "ಮಲಕೋ ಲೇ" ಎಂದೆ. ಕೈಮುಗಿದೆ. ಬೈದೆ. "ಸಾಕು ಮಾಡವ್ವ, ನಾ ಎಲ್ಲೂ ತಿರುಗಿಸಂಗಿಲ್ಲ" ಎಂದೆ. ಅವಳಿಗೇನು ಗೊತ್ತು? ಕಡೆಗೆ ಸೋತು ನಾನೇ ಒಳಗಿಳಿದು, ಮೊಣಕಾಲು ಮಡಚಿ, ಗೋಣಿಯ ಮೇಲೆ ಬಿದ್ದುಕೊಂಡೆ.

ಕೆಂಚಿ ಕತ್ತು ತಿರುಗಿಸಿ ನೋಡಿದಳು. ಗಿರಾಕಿ ಇಲ್ಲದ ಮಧ್ಯಾಹ್ನ ನಡುಹೊಳೆಯಲ್ಲಿ ಹುಟ್ಟು ಒಳಗೆಳೆದುಕೊಂಡು ನಾನು ಹೀಗೆ ಮಲಗುವುದಿತ್ತು, ವರ್ಷಕ್ಕೆ ನಾಲ್ಕೈದು ಸಲ. ಆಗ ಮಾತ್ರ ಅವಳೂ ಮಲಗುತ್ತಿದ್ದಳು. ಮಲಗಿದವನು ತಿರುಗಿಸಲಾರ. ಅವಳು ಒಂದು ಸುತ್ತು ಬಂದು, ಮೂರು ಕಾಲು ಮಡಚಿ, ಹೊಲಿಗೆಯ ಕಾಲನ್ನು ಮೇಲೆ ಮಾಡಿಕೊಂಡು ನನ್ನ ಹೊಟ್ಟೆಗೆ ಆನಿಸಿ ಮಲಗಿದಳು. ಲಾಲಿಕೆಯಂಥ ಪಟ್ಟಿ ನನ್ನ ಗಲ್ಲಕ್ಕೆ ಒತ್ತುತ್ತಿತ್ತು. ನಾನು ಉಸಿರು ಬಿಗಿಹಿಡಿದು ಮಲಗಿದ್ದೆ. ನಾನು ಎದ್ದರೆ ಅವಳು ಏಳುತ್ತಾಳೆ.

ಹೀಗಾಗಿ ಎರಡು ತಿಂಗಳು ನಾನು ಅಂಗಳದ ತೆಪ್ಪದಲ್ಲಿ ಮಲಗಿದೆ. ಬೆಳಿಗ್ಗೆ ಅನ್ನ ಬೇಯಿಸಿ, ಟವೆಲ್ ಹಿಡಿದು ಅವಳನ್ನು ಹತ್ತು ಹೆಜ್ಜೆ ನಡೆಸಿ, ಕಾಲನ್ನು ಮೆಲ್ಲಗೆ ಮಡಚಿ ಬಿಡಿಸಿ, ಆಮೇಲೆ ಮಲಗುವುದು. ಹಲ್ಲಿನಲ್ಲಿ ಹಗ್ಗ ಕಚ್ಚಿಕೊಂಡು, ಎರಡೂ ಕೈಯಲ್ಲಿ ಟವೆಲ್ ಎತ್ತಿ ಹಿಡಿದು ನಡೆಸುವುದನ್ನು ಕಲಿತೆ. ಮೊದಲ ವಾರ ಓಣಿಗೆ ನಾನು ತಮಾಷೆ. ಎರಡನೆಯ ವಾರ ತಮಾಷೆಯೂ ಹಳಸಿತು. ಯಾರೂ ಬರುತ್ತಿರಲಿಲ್ಲ. ಸೀಜನ್ನಿನ ದಿನಗಳು, ಹೊಳೆಯ ಕಡೆಯಿಂದ ಪ್ರವಾಸಿಗರ ಕೇಕೆ ಕೇಳುತ್ತಿತ್ತು. ಯಾರದೋ ತೆಪ್ಪ ತಿರುಗುತ್ತಿದೆ ಎಂದು ಗೊತ್ತಾಗುತ್ತಿತ್ತು. ತೆಪ್ಪದೊಳಗಿಂದ ಕಾಣುವುದು ಬೇವಿನ ಎಲೆ, ಒಂದು ತುಂಡು ಆಕಾಶ. ದಿನಕ್ಕೆ ಎಷ್ಟು ಮಾತಾಡಿದೆ ಎಂದು ಒಮ್ಮೆ ಸಂಜೆ ಎಣಿಸಿದೆ: ಸುಂಕಮ್ಮನಿಗೆ "ಹ್ಞೂಂ" ಎಂದದ್ದು ಬಿಟ್ಟರೆ ಏನೂ ಇಲ್ಲ. ವಿಚಿತ್ರ ಎಂದರೆ ಕೆಂಚಿಯ ಜೊತೆಗೂ ಮಾತು ನಿಂತಿತ್ತು. ಅವಳ ಮುಖ ನನ್ನ ಮುಖದ ಎದುರಿಗೇ ಇರುತ್ತಿತ್ತಲ್ಲ. ಆ ಕಣ್ಣು ನೋಡಿ ಏನು ಹೇಳುವುದು? ಹತ್ತಿರ ಮಲಗಿದ್ದೂ ನಾನು ಅಷ್ಟು ಒಂಟಿಯಾಗಿ ಯಾವತ್ತೂ ಇರಲಿಲ್ಲ. ಜನ ನಕ್ಕದ್ದಕ್ಕಲ್ಲ, ಮಾಡಿದ್ದು ನಾನೇ ಎಂಬುದನ್ನು ಹಂಚಿಕೊಳ್ಳಲು ಯಾರೂ ಇರಲಿಲ್ಲ, ಅದಕ್ಕೆ.

ಐದನೆಯ ವಾರ ರೇಣುಕಾ ಬಂದಳು. ಹೇಳದೆ ಕೇಳದೆ, ಸಂಡೂರಿನ ಬಸ್ಸಿಳಿದು, ಸೊಂಟ ಹಿಡಿದುಕೊಂಡು, ರೊಟ್ಟಿ, ಪುಂಡಿಪಲ್ಯದ ಗಂಟು ತಂದಿದ್ದಳು. ಅಂಚಿನಿಂದ ನಮ್ಮಿಬ್ಬರನ್ನೂ ನೋಡಿದಳು.

"ಆಸ್ಪತ್ರಿಯವರು ಫೋನ್ ಮಾಡಿದ್ರು, ನಾಯಿ ಹೆಂಗೈತಿ ಅಂತ. ನಿನ್ನ ಫೋನ್ ಹತ್ತಲಿಲ್ಲಂತ. ನನ್ನ ಹೆಸರು ಬರಸೀಯಂತಲ್ಲ."

"ಮತ್ಯಾರ ಹೆಸರು ಬರೀಲಿ?"

ಅವಳು ಕೆಂಚಿಯ ಹೊಲಿಗೆಯ ಗೆರೆ ನೋಡಿದಳು. "ನಾ ಹಿಂಗ ಬಿದ್ರ ಯಾರು ಮಗ್ಗಲದಾಗ ಮಲಗತಾರೋ" ಅಂದಳು, ನನಗಲ್ಲ, ತನಗೇ ಎಂಬಂತೆ. ಅಂದು ಮಧ್ಯಾಹ್ನ ನಡೆಸುವಾಗ ಹಗ್ಗ ಅವಳು ಹಿಡಿದಳು, ಟವೆಲ್ ನಾನು ಹಿಡಿದೆ. ಇಬ್ಬರು ಹಿಡಿದರೆ ಎಷ್ಟು ಸುಲಭ ಎಂದು ಆವತ್ತು ಗೊತ್ತಾಯಿತು. ಸಂಜೆಯ ಬಸ್ಸಿಗೆ ಹೋದಳು. ಆಮೇಲೆ ಅವಳನ್ನು ಸೊಂಟ ತೋರಿಸಲು ಕರೆದುಕೊಂಡು ಹೋದೆ. ಆ ಮಾತು ಬೇರೆ, ಆದರೆ ಹೋದೆ ಎಂದು ಹೇಳಿಬಿಡುತ್ತೇನೆ.

ಬಿಸಿಲು ಏರಿತು. ಕೆಂಚಿ ಮೊದಲು ಬೆರಳು ಊರಿದಳು, ಆಮೇಲೆ ಪಾದ, ಆಮೇಲೆ ಒಂದು ದಿನ ಕಿವಿ ತುರಿಸಿಕೊಳ್ಳಲು ಎಡಗಾಲೆತ್ತಿದಳು, ಬಲಗಾಲು ಭಾರ ತಡೆದುಕೊಂಡಿತು. ನಾನು ಸುಂಕಮ್ಮನನ್ನು ಕೂಗಿ ಕರೆದು ತೋರಿಸಿದೆ. ನಾಯಿ ಕಿವಿ ತುರಿಸಿಕೊಳ್ಳುವುದನ್ನು ನೋಡಲು ಬುಟ್ಟಿ ಇಳಿಸಿ ಬಂದ ಪುಣ್ಯಾತ್ಗಿತ್ತಿ ಅವಳು.

ಕಡೆಯ ಸಲ ಬಳ್ಳಾರಿಗೆ ಹೋದಾಗ ಡಾಕ್ಟರಮ್ಮ ಎಲುಬು ಎಳೆದು ನೋಡಿ, ನನ್ನ ಕೈಯನ್ನೂ ಅಲ್ಲಿಟ್ಟರು. ಚರ್ಮದ ಕೆಳಗೆ ದಪ್ಪನೆಯ, ಗಟ್ಟಿಯಾದ ಏನೋ ಸಿಕ್ಕಿತು.

"ಇದು ದಾರ ಅಲ್ರಿ, ಅದರ ಮೈ ಕಟ್ಟಿದ್ದು. ಸ್ವಲ್ಪ ಕುಂಟು ಉಳೀತೈತಿ. ನಡೀಲಿ. ತೆಪ್ಪಕ್ಕ ಕರಕೊಂಡು ಹೋಗೋದಾದ್ರ ಎತ್ತಿ ಇಳಿಸ್ರಿ, ಹಾರಿಸಬ್ಯಾಡ್ರಿ" ಅಂದರು.

ನಾಲ್ಕು ದಿನ ಬಿಟ್ಟು, ಬೆಳಗಿನ ತಂಪಿನಲ್ಲಿ ಅವಳನ್ನು ಹೊಳೆಗೆ ಕರೆದುಕೊಂಡು ಹೋದೆ. ಸೀಜನ್ ಮುಗಿದಿತ್ತು, ದಡದಲ್ಲಿ ಯಾರೂ ಇರಲಿಲ್ಲ. ನೀರಲ್ಲಿದ್ದ ತೆಪ್ಪ ನೋಡಿ ನಿಂತಳು. ಬರುತ್ತಾಳೋ ಇಲ್ಲವೋ ಎಂಬುದು ಅವಳಿಗೇ ಬಿಟ್ಟದ್ದು ಎಂದುಕೊಂಡು ಸುಮ್ಮನೆ ನಿಂತೆ. ಬರದಿದ್ದರೆ ಬಲವಂತ ಮಾಡುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವಳು ಬಂದು ಮುಂಗಾಲೆರಡನ್ನು ಅಂಚಿಗಿಟ್ಟು ನನ್ನತ್ತ ತಿರುಗಿದಳು. ಎತ್ತಿ ಒಳಗಿಟ್ಟೆ.

ದಡ ಬಿಟ್ಟೆ. ಅವಳು ತನ್ನ ಹಳೆಯ ಜಾಗಕ್ಕೆ ಹೋಗಿ ಅಂಚನ್ನು ಮೂಸಿದಳು. ಅಲ್ಲಿ ನಿಲ್ಲುತ್ತಾಳೆ, ಬೆನ್ನು ತಿರುಗಿಸುತ್ತಾಳೆ, ಆಗ ಎರಡು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಆ ಬೆನ್ನಿಗೆ ಹೇಳಿಬಿಡೋಣ ಎಂದು ಕಾದಿದ್ದೆ. ಅವಳು ನಿಲ್ಲಲಿಲ್ಲ. ಒಂದು ಸುತ್ತು ಬಂದು, ಹುಟ್ಟು ಹಿಡಿದು ಕೂತಿದ್ದ ನನ್ನ ಕಾಲಿನ ಬಳಿ, ಬಲಗಾಲನ್ನು ಮೇಲೆ ಮಾಡಿಕೊಂಡು ಮಲಗಿದಳು. ನಡುಹೊಳೆಯಲ್ಲಿ, ನಾನು ಎಚ್ಚರಿದ್ದಾಗ, ಹುಟ್ಟು ನನ್ನ ಕೈಯಲ್ಲಿದ್ದಾಗ, ಏಳು ವರ್ಷದಲ್ಲಿ ಅದೇ ಮೊದಲು. ಮಲಗಿ ನನ್ನ ಮುಖ ನೋಡಿದಳು.

"ತಪ್ಪಾತವ್ವ" ಅಂದೆ. ಅಷ್ಟೇ ಬಂತು.

ಅವಳು ಕಣ್ಣು ಮುಚ್ಚಿದಳು. ಹುಟ್ಟನ್ನು ಒಂದು ಎಳೆತ ಈ ಬದಿಗೆ, ಒಂದು ಎಳೆತ ಆ ಬದಿಗೆ, ತೆಪ್ಪ ಎಲ್ಲಿಯೂ ತಿರುಗದಂತೆ, ಆಚೆ ದಡದವರೆಗೆ ನೇರ ಹಾಕಿದೆ.